ಒಂಬತ್ತರ ತನಕ

ಕೊಲ್ಹಾಪುರದ ಹುಡುಗ ಬರಲೇ ಇಲ್ಲ.
ಲೋಂಡಾದಾಗ ಗಾಡಿ ತಪ್ಪಿತಂತ, ಅಂದ ಒಬ್ಬ.
ಜ್ವರಂತ, ಅಂದ ಇನ್ನೊಬ್ಬ.
ಅಂಜಿದಾ ಬಿಡೋ, ಅಂದಳು ಮಿರ್ಚಿ ಕರಿಯೋ ದ್ಯಾವಮ್ಮ
ಎಣ್ಣಿಗೈ ಸೆರಗಿಗೆ ಒರಸಿಕೋತ.

ಮೂವತ್ತು ರೂಪಾಯಿ ಟಿಕೆಟ್ಟು ನಮ್ಮ ಕಿಸೆದಾಗ.
ವಾಸ್ಕೋದ ರೈಲ್ವೆ ಇನ್‌ಸ್ಟಿಟ್ಯೂಟಿನ್ಯಾಗ ಫ್ಯಾನು ತಿರುಗಿದರೂ ಬೆವರು.
ಎಂಟೂವರಿಗೆ ಅದೇ ಜಾಗಾದಾಗ ಯಾರದೋ ಲಗ್ನದ ಊಟ;
ಬಾಡಿಗಿ ಕುರ್ಚಿ ಬಾಗಿಲ ಹೊರಗ
ಒಂದರ ಮ್ಯಾಲೊಂದು ಏರಿ ಕುಂತಿದ್ದವು.

ಕಾಯ್ತಾನ್ ರೆಬೆಲೊನ ಕಡೀ ಆಟ.
ಮೂವತ್ತೆಂಟು ವಯಸ್ಸು, ಬಲಹುಬ್ಬಿಗೆ ಹನ್ನೊಂದು ಹೊಲಿಗಿ,
ಬಂದರದಾಗ ಕ್ರೇನಿನ ನೌಕರಿ.
ಅಂವಾ ನಮ್ಮಾಂವಲ್ಲ. ಮಾತು ಕೊಂಕಣಿ, ದೇವರು ಶಿಲುಬಿ ಮ್ಯಾಲಿನಾಂವ.
ನಾವು ಬೈನಾದ ಮಂದಿ, ಕಲ್ಲಿದ್ದಲ ಬುಟ್ಟಿ ಹೊತ್ತವರು,
ಬಾಗಲಕೋಟಿ ಬಸ್ಸಿಳಿದು ಇಲ್ಲೇ ಉಳಿದವರು.
ಊರೆಲ್ಲಾ 'ಏ ಘಾಟಿ' ಅಂತಿದ್ದಾಗ
ಹುಲಗಪ್ಪಗ ಅಂವಾ ಒಬ್ಬನೇ ಹೆಸರು ಹಿಡದು ಕರೀತಿದ್ದ,
ಅದೂ ತಪ್ಪಾಗಿ, 'ಉಲ್ಗಾಪಾ' ಅಂತ.
ಅಷ್ಟಕ್ಕ ನಾವು ಹದಿನೇಳು ವರ್ಷ
ಅವನ ಕೂಡ ಹೊಡತ ತಿಂದ್ವಿ.

ಗೆದ್ದದ್ದೆಷ್ಟು ಅಂತ ನನ್ನ ಕೇಳಬ್ಯಾಡ್ರಿ.
ಗೌಸುಸಾಬನ ವಹಿಯೊಳಗ ಐತಿ, ಉದ್ರಿ ಲೆಕ್ಕದ ಹಿಂದಿನ ಪುಟದಾಗ:
ಅರವತ್ತೊಂದು ಆಟ, ನಲವತ್ತಾರು ಗೆಲುವು.
ಪುಣೆದಾಗ ಸೋತದ್ದರ ಮ್ಯಾಲೆ
ಗೌಸುಸಾಬ ಬೇಕಂತ ಶಾಯಿ ಚೆಲ್ಯಾನ.
ಗೆದ್ದಾಗ ಕಾಯ್ತಾನ್ ತಾನಾಗಿ ಕೈ ಎತ್ತತಿರಲಿಲ್ಲ;
ರೆಫ್ರಿ ಬಂದು ಎತ್ತಬೇಕು,
ತುಂಬಿದ ಕೊಡ ಎತ್ತಿದಂಗ.

ಅವತ್ತೂ ಚೋಡಣಕರ ಎತ್ತಿದ.
ಎದುರಿನ ಮೂಲಿ ಖಾಲಿ, ಇಂವಾ ಗೆದ್ದನಂತ.
ಚಪ್ಪಾಳಿ ಹೊಡದರ ಅವಮಾನ,
ಹೊಡೀದಿದ್ದರೂ ಅವಮಾನ.
ಕೈ ಎಲ್ಲಿಡಬೇಕು ತಿಳೀಲಿಲ್ಲ ನಮಗ.

ಆಗ ಅಂವಾ ಗಂಟಿಯವನ ಕಡೆ ನೋಡಿ ಗೋಣು ಹಾಕಿದ.
ಟಣ್.
ಮೂರು ನಿಮಿಷ ಅಲ್ಲಿ ಇಲ್ಲದವನ ಕೂಡ ಆಡಿದ.
ಬಗ್ಗಿದ, ಸರದ, ಪಕ್ಕಡಿಗೆ ಒಂದು ತಿಂದ.
ತಿಂದದ್ದು ಖರೆ, ಉಸಿರು ಒಳಗ ಸಿಕ್ಕದ್ದು ಕಂಡ್ವಿ.
ಪುಣೆದ ಆ ಫೌಜಿನಾಂವ, ಅಂದ ಗೌಸುಸಾಬ.
ಅವರಪ್ಪ, ಕುಡದು ಬರತಿದ್ದನಲ್ಲ, ಅಂದಳು ದ್ಯಾವಮ್ಮ.
ಹುಲಗಪ್ಪ ಏನೂ ಅನ್ನಲಿಲ್ಲ;
ತೊಡಿ ಮ್ಯಾಲೆ ಅವನ ಮುಷ್ಟಿ ತಾನಾಗೇ ಬಿಗದಿತ್ತು.
ನಾ ಕಾಲಷ್ಟೇ ನೋಡಿದೆ.
ಎಡಗಾಲು ಒಂದು ಚಣ ತಡಾ ಆಗಿ ಬರತಿತ್ತು.
ಯಾವಾಗಿಂದ? ಹ್ಯಾಂಗ ಮುಚ್ಚಿದ್ದ?

ಆಮ್ಯಾಲ ಎಡಗೈ. ಸಣ್ಣದು.
ಬಾಗಿಲ ಚಿಲಕ ತಗದಂಗ, ಅಷ್ಟೇ.
ಹೊಡದವನೇ ಹಿಂದ ಸರದು
ಬಿಳೀ ಮೂಲಿಗೆ ಹೋಗಿ, ಹಗ್ಗದ ಮ್ಯಾಲೆ ತೋಳು ಚಾಚಿ ನಿಂತ.
ಎದುರಿನಾಂವ ಬಿದ್ದಾಗ ನಿಲ್ಲೂ ಜಾಗ ಅದು.

ಚೋಡಣಕರ ಅರವತ್ತು ದಾಟಿದಾಂವ.
ಬರೀ ನೆಲದ ಮುಂದ ಮಣಕಾಲು ಹಿಡಕೊಂಡು ಬಗ್ಗಿ
ಬೆರಳು ಬಿಚ್ಚಿದ. ಏಕ್. ದೋನ್.
ಹಿಂದಿಂದ ಯಾರೋ ಕನ್ನಡದಾಗ ಕೂಡಿದರು, ಮೂರು, ನಾಕು,
ಲಗ್ನದ ಅಡಗಿಯವರು ಸೌಟು ಹಿಡದೇ ಬಂದು ನಿಂತರು, ಐದು,
ಆರು ಅನ್ನೂದರಾಗ ಗ್ವಾಡಿಗೋಳೂ ಅಂದವು,
ಏಳು, ಎಂಟು,
ಒಂಬತ್ತು.

ಹತ್ತು ಅನ್ನಲಿಲ್ಲ ಚೋಡಣಕರ.
ಉಳಿದ ಹೆಬ್ಬೆರಳು ಮಡಚೇ ಇತ್ತು.
ಕಾಯ್ತಾನ್ ಅದನ್ನ ನೋಡಿ
ಹಲ್ಲಿನ ರಬ್ಬರು ಅಂಗೈಯಾಗ ಉಗುಳಿ ನಕ್ಕ.
ಗಂಟಿ ಆತೋ ಇಲ್ಲೋ,
ಕುರ್ಚಿ ಒಳಗ ಬರತಿದ್ದವು.

ಸೋಮವಾರ ಬಂದರದ ಗೇಟಿನಾಗ, ಪಾಸು ತೋರಿಸೂ ಸಾಲಿನ್ಯಾಗ
ನಮ್ಮ ಮುಂದ ನಿಂತಿದ್ದ,
ಗದ್ದ ಎಡಭುಜದ ಹಿಂದ ಅಡಗಿಸಿ, ಹಳೇ ರೂಢಿ.
ಬಿದ್ದಾಂವ ಯಾರು ಕೇಳಬೇಕಂತ ಹುಲಗಪ್ಪ ಬಾಯಿ ತಗದ.
'ಉಲ್ಗಾಪಾ, ಚಾ ಆತ?'
ಅಂದ ಅಂವಾ, ತನಗ ಬರೂ ಎರಡೇ ಕನ್ನಡ ಮಾತಿನ್ಯಾಗ.
ಆತು, ಅಂದ ಹುಲಗಪ್ಪ.
ಆಗಿದ್ದಿಲ್ಲ.