ಯಾವ ತಾಲ್ಲೂಕು

ಶಿಡ್ಲಘಟ್ಟ. ರಾತ್ರಿ ಎಂಟಕ್ಕೆ ನಮ್ಮ ಇಂಗ್ಲಿಷ್ ತರಗತಿ.
ಕೆಳಗೆ ವಾಜಿದ್ ಸಾಹೇಬರ ಫಿಲೇಚರು, ಮೇಲೆ ನಾವು.
ಬೆಂದ ಹುಳದ ನಾತ ಮೆಟ್ಟಿಲು ಹತ್ತಿ ಬಂದು
ದಿನಾ ಮೊದಲ ಬೆಂಚಿನಲ್ಲೇ ಕೂರುತ್ತದೆ.

ಬೋರ್ಡಿನ ಮೇಲೆ ಬರೆದೆ: ಟು ಗೋ.
ಇದಕ್ಕೆ ಕಾಲವಿಲ್ಲ, ಕರ್ತೃವಿಲ್ಲ,
ಹೋದವರಿಲ್ಲ, ಹೋಗುವವರೂ ಇಲ್ಲ,
ಕ್ರಿಯಾಪದ ಇನ್ನೂ ಚಪ್ಪಲಿ ಮೆಟ್ಟಿಲ್ಲ ಅಂದೆ.

ಬೀಬಿಜಾನ್ ಪೆನ್ನು ಕಚ್ಚಿದಳು.
"ಟು ಕೋಲಾರ್ ಅಂದ್ರೆ ಕೋಲಾರಕ್ಕೆ.
ಟು ಗೋ ಅಂದ್ರೆ ಹೋಗೋಕೆ.
ಎರಡಕ್ಕೂ ಬಾಲದಲ್ಲಿ 'ಕೆ' ಐತಲ್ಲ ಸಾರ್,
ಈ 'ಹೋಗೋದು' ಅನ್ನೋದು ಯಾವ ತಾಲ್ಲೂಕು?"

ನಗು. ತೆಲುಗಲ್ಲೂ 'ಕಿ' ಬರ್ತದೆ ಅಂದಿತು ಹಿಂದಿನ ಬೆಂಚು.
ನಾನೂ ನಕ್ಕೆ, ಉತ್ತರ ತಿಳಿಯದವನ ನಗೆ.
ಇಪ್ಪತ್ತೆರಡು ವರ್ಷದಿಂದ ಈ ಪಾಠ ಮಾಡುತ್ತಿದ್ದೇನೆ,
ಆ ಊರಿನ ಬಸ್ಸು ಹತ್ತಿದವನಲ್ಲ.

ಮುನಿನಂಜಮ್ಮನ ಬೆರಳತುದಿ ಬಿಳಿಚಿವೆ,
ಕುದಿನೀರಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ.
ಎದ್ದು ಬಂದು ಒಂದರ ಕೆಳಗೊಂದು ಬರೆದಳು,
ಸೀಮೆಸುಣ್ಣ ಎರಡು ಸಲ ಜಾರಿತು:

ಐ ಮಸ್ಟ್ ಗೋ.
ಐ ವಾಂಟ್ ಟು ಗೋ.

"ಮೇಲಿನದ್ರಲ್ಲಿ ಟು ಎಲ್ಲೋಯ್ತು?"
ಮಸ್ಟ್ ಬಂದರೆ ಬಿದ್ದುಹೋಗುತ್ತೆ ಅಂದೆ,
ಲೆಟ್ ಬಂದರೂ, ಮೇಕ್ ಬಂದರೂ.
"ಬಿಡೋರು, ಮಾಡ್ಸೋರು ಇದ್ದಾಗ
ನಡುವೆ ಉಸಿರಾಡೋಕೆ ಜಾಗ ಎಲ್ಲಿರ್ತದೆ" ಅಂದಳು, ತನಗೆ ತಾನೇ.

ಅದಲ್ಲಮ್ಮ ನಿಯಮ, ಕ್ಯಾನ್ ಬಂದರೂ ಟು ಇಲ್ಲ,
ಎನ್ನಬೇಕಿತ್ತು ನಾನು. ಅಷ್ಟರಲ್ಲಿ ಅವಳು:

"ನಮ್ಮಲ್ಲಿ ಎರಡಕ್ಕೂ ಒಂದೇ. ಹೋಗ್ಬೇಕು.
ಮನೇಲಿ 'ನಾನು ಹೋಗ್ಬೇಕು' ಅಂದ್ರೆ
ಪಾಳಿಗೆ ಹೊತ್ತಾಯ್ತು ಅಂತ ಡಬ್ಬಿ ಕೈಗಿಡ್ತಾರೆ.
ಇಷ್ಟು ವರ್ಷ ನಾನು ಕೆಳಗಿನದನ್ನ ಹೇಳ್ತಿದ್ದೆ ಸಾರ್,
ಅವರಿಗೆ ಮೇಲಿನದು ಕೇಳಿಸ್ತಿತ್ತು."

ಎಲ್ಲಿಗೆ ಹೋಗೋ ಆಸೆ ಅಂತ ಕೇಳಿದೆ.
"ಎಲ್ಲಿಗೂ ಇಲ್ಲ. ಹೋಗೋಕೆ."

ಬೀಬಿಜಾನ್ ಈ ಸಲ ತಾಲ್ಲೂಕು ಕೇಳಲಿಲ್ಲ.
ಕರೆಂಟು ಹೋಯಿತು. ಕೆಳಗೆ ರಾಟೆಗಳು
ಒಂದೊಂದಾಗಿ ನಿಂತದ್ದು ಕೇಳಿಸಿತು.

ಸೋಮವಾರದ ನೋಟ್‌ಬುಕ್ಕಿನಲ್ಲಿ ಅವಳ ವಾಕ್ಯ:
ಐ ಮಸ್ಟ್ ಟು ಗೋ.
ತಪ್ಪೇ. ಪರೀಕ್ಷೆಗೆ ಮೂರೇ ವಾರ.
ಟು ಸುತ್ತ ಸೊನ್ನೆ ಹಾಕಿದೆ,
ಸಣ್ಣದಾಗಿ, ಪೆನ್ಸಿಲ್ಲಿನಲ್ಲಿ.