ಬಾಕಿ ಚಿಲ್ಲರ

ಮನಗೂಳಿ, ಹೂವಿನ ಹಿಪ್ಪರಗಿ, ಆಮ್ಯಾಲ…
ಆಮ್ಯಾಲ ಒಂದೂರೈತಿ. ಅಗಸ್ಯಾಗ ಬೇವಿನ ಗಿಡ,
ಅದರ ಬುಡಕ ಚಾದಂಗಡಿ, ಚಾದಾಗ ಸುಂಠಿ ಜಾಸ್ತಿ.
ಹೆಸರಷ್ಟ ಇಳದ ಹೋಗೇತಿ.

ಇಪ್ಪತ್ತೆರಡು ವರ್ಷ ಇದೇ ಬಾಯಿಲೆ ಕೂಗಿದ್ದು.

ತಲಿ ಹೊಲಿಗಿ ಮಾಯ್ದಾವ, ದಸ್ತಗೀರಣ್ಣ ಆರಾಮ,
ಅಂತಾರ ಬಿಜಾಪುರ ಡಿಪೋದವರು.
ಕಿರಾಣಿ ಅಂಗಡ್ಯಾಗ ನೂರರ ನೋಟು. ಸಾಮಾನು ಅರವತ್ತೆಂಟು.
ಬೆರಳ ಎಣಸ್ತೇನಿ; ಹೊರಗ ಲಾರಿ ಹಾರ್ನ ಹೊಡೀತೈತಿ,
ಮತ್ತ ಒಂದರಿಂದ.
ಹುಡುಗ ಕೊಟ್ಟಷ್ಟು ಇಸ್ಕೊಂಡ ಬರತೇನಿ.

ಬಿಬಿಜಾನ ನನ್ನ ಕಿಸೇಕ ಚೀಟಿ ಇಡತಾಳ:
ಗ್ಯಾಸ ಆರಸು. ಗುಳಿಗಿ ನುಂಗೀದಿ, ಮತ್ತ ನುಂಗಬ್ಯಾಡ.
ಓದಿ, ಹೊಳ್ಳಿಸಿ ನೋಡತೇನಿ, ರೂಢಿ.
ಚಿಲ್ಲರ ಇಲ್ಲದಾಗ ಟಿಕೀಟಿನ ಹಿಂದ ನಾನೂ ಬರೀತಿದ್ದೆ:
ಮೂವತ್ತೆರಡು.
ಇಳಿಯೂಮುಂದ ಕೇಳಿ ಇಸ್ಕೋರಿ.