ಅಳೆದೂ ಸುರಿದೂ

ಕೌನಸ್ ಊರಿಗೆ ಈ ತಿಂಗಳು ನಾಲ್ಕೂವರೆಗೇ ಕತ್ತಲು.
ಮೂರನೇ ಮಹಡಿಯ ನನ್ನ ಕಿಟಕಿಯ ಕೆಳಗೆ
ಟ್ರಾಲಿಬಸ್ಸಿನ ಕೊಂಬು ತಂತಿಗೆ ಉಜ್ಜಿ
ನೀಲಿ ಕಿಡಿ ಉದುರುತ್ತದೆ.
ನಾನು ಅಂಕ ಹಾಕುವವಳು.
ಆ ಅಂಕಣದಲ್ಲಿ ಅವರು ಓಡಿದ್ದನ್ನೆಲ್ಲ
ಈ ಅಂಕಣಗಳಲ್ಲಿ ತುಂಬುವವಳು:
ಓಟಕ್ಕಿಷ್ಟು, ನೆಗೆತಕ್ಕಿಷ್ಟು, ಎಡಗೈಗಿಷ್ಟು,
ನೂರರೊಳಗೆ ಒಬ್ಬ ಮನುಷ್ಯ.

ಇವತ್ತಿನ ಕಡತ ರಿಮ್‌ಗೌದಾಸ್ ಶ್ವೆಡಾಸ್,
ಏಳನೇ ನಂಬರಿನ ಕಂದು ಅಂಗಿ.
ಹದಿನೇಳು ಋತು, ಹದಿನೇಳು ರಿಮ್‌ಗೌದಾಸ್.
ಆಡುವ ಹುಡುಗ ಬೇಕಾದ ವರ್ಷ ಆರಿಸಬಹುದು;
ಗುಂಡಿ ಒತ್ತಿದರೆ ನೆತ್ತಿಯ ಕೂದಲು ಉದುರುತ್ತದೆ,
ಹಿಂದಕ್ಕೊತ್ತಿದರೆ ಮೊಳೆಯುತ್ತದೆ.

ಹತ್ತೊಂಬತ್ತಕ್ಕೆ ಓಟ ತೊಂಬತ್ತೊಂದು.
ಬರೆಯುವಾಗ ಕೈ ಹಿಂಜರಿಯಲಿಲ್ಲ,
ಹಳೆಯ ಟೇಪಿನಲ್ಲಿ ಕ್ಯಾಮೆರಾವೇ ಅವನ ಹಿಂದೆ ಬೀಳುತ್ತದೆ.
ವಿವೇಕ ಮೂವತ್ತೆಂಟು.
ಖಾಲಿ ನಿಂತ ಇಬ್ಬರನ್ನು ಬಿಟ್ಟು ಮೂವರ ನಡುವೆ ನುಗ್ಗಿ
ಚೆಂಡು ಕಳೆದುಕೊಂಡು ನಗುತ್ತಾನೆ, ಕತ್ತೆ.
ಮೂವತ್ತೈದಕ್ಕೆ ಓಟ ನಲವತ್ತೇಳು, ವಿವೇಕ ತೊಂಬತ್ತಾರು.
ಹಲ್ಲಿದ್ದ ವರ್ಷ ಕಡಲೆಯಿಲ್ಲ, ಕಡಲೆ ಸಿಕ್ಕ ವರ್ಷ ಹಲ್ಲಿಲ್ಲ.
ಯಾವ ವರ್ಷ ಎಷ್ಟು ಹಲ್ಲು,
ಎಣಿಸಿ ಬರೆದರೆ ನನಗೆ ಸಂಬಳ.

ಇಳಿಜಾರು ನುಣುಪಾಗಿರಲಿ, ಅನ್ನುತ್ತಾನೆ ಮೇಲಧಿಕಾರಿ ತೌತ್ವಿದಾಸ್,
ಮೂವತ್ತಾದ ಮೇಲೆ ವರ್ಷಕ್ಕೆರಡು ಕಳೆ, ಸಾಕು.
ಮೈ ಹಾಗೆ ಇಳಿಯುವುದಿಲ್ಲ, ತೌತ್ವಿದಾಸ್.
ಅದು ಯಾವುದೋ ಮಂಗಳವಾರ ದೊಪ್ಪನೆ ಬೀಳುತ್ತದೆ,
ಆಮೇಲೆ ಆರು ವರ್ಷ
ಯಾರಿಗೂ ಹೇಳದೆ ನಡೆದಾಡುತ್ತದೆ.

ಮುಖದ ಅಳತೆ ಕೊಡಲು ಬಂದರು, ಅರವತ್ತೊಂದರ ಪ್ರಾಯ.
ಪರದೆಯಲ್ಲಿ ಅವನು, ಕುರ್ಚಿಯಲ್ಲಿ ಅವರು.
ಯಾವ ಋತುವಿನಲ್ಲಿ ಬದಲಾಯಿತೋ, ಕಡತದಲ್ಲಿಲ್ಲ.
ಈಗ ಶಾಲೆಯೊಂದರ ಆಟದ ಹಾಲಿಗೆ
ರಾತ್ರಿ ದೀಪ ಆರಿಸಿ ಬೀಗ ಹಾಕುವ ಕೆಲಸವಂತೆ.
ಕೂರುವಾಗ ಮಂಡಿ ಸದ್ದು ಮಾಡಿತು.
ನನ್ನ ಅಂಕ ತೋರಿಸು, ಅಂದರು.

ಎಲ್ಲರೂ ಇಲ್ಲಿ ಸೊಪ್ಪಿನ ಗಾಡಿಯ ಮುಂದೆ ನಿಂತವರಂತೆ:
ಇನ್ನೆರಡು ಹಾಕಮ್ಮ, ಇನ್ನೊಂದು ಹಾಕಮ್ಮ.
ಇವರ ಬೆರಳು ಹನ್ನೊಂದನೇ ಋತುವಿನ ಮೇಲೆ ನಿಂತಿತು.
ನೆಗೆತ, ಎಂಬತ್ತಮೂರು.
ಕಡಿಮೆಯಾಯಿತೇ, ಅಂದೆ.
ಜಾಸ್ತಿಯಾಯಿತು, ಅಂದರು.
ಆ ವರ್ಷ ಎಡಮಂಡಿಯಲ್ಲಿ ನೀರು.
ಪಂದ್ಯಕ್ಕೊಂದು ಸೂಜಿ. ಡಾಕ್ಟರಿಗೆ ಗೊತ್ತು, ನನಗೆ ಗೊತ್ತು,
ಹೆಂಡತಿಗೆ ಹೇಳಲಿಲ್ಲ.
ಬಲಗಾಲಲ್ಲಿ ನೆಗೆದೆ, ಎಡಗಾಲಲ್ಲಿ ನಟಿಸಿದೆ.
ಅರವತ್ತೊಂದು ಹಾಕು.

ಆದರೆ ಟೇಪಿನಲ್ಲಿ ನೆಗೆದಿದ್ದೀರಲ್ಲ?
ಅದು ಬೇರೆ ಅಂಕಣ, ಅಂದರು.
ಕನ್ನಡಕ ಏರಿಸಿ ಸಾಲು ಸಾಲಾಗಿ ಹುಡುಕಿದರು.
ನಲವತ್ತಮೂರು ಅಂಕಣಗಳಿವೆ. ಅದಿಲ್ಲ.

ಕೊನೆಯ ಋತುವಿನ ಬಗ್ಗೆ ಏನೂ ಹೇಳಲಿಲ್ಲ.
ಪಂದ್ಯಕ್ಕೆ ಎರಡು ನಿಮಿಷ ಆಡಿದವರು,
ನಾನೂ ಜಿಪುಣಿಯ ಹಾಗೆ ಬರೆದಿದ್ದೆ.
ಆಮೇಲೆ ಒಬ್ಬಳೇ ಟೇಪು ತಿರುಗಿಸಿದೆ:
ಬೆಂಚಿನ ತುದಿ, ಕೊರಳಲ್ಲಿ ಟವೆಲು,
ಅಂಕಣದಲ್ಲಿರುವ ಪೋರ ಐಮಾಂತಾಸನಿಗೆ
ಎರಡು ಬೆರಳು ಎತ್ತಿ ಎಡಕ್ಕೆ ತೋರಿಸುತ್ತಾರೆ.
ಚೆಂಡು ಎಡಕ್ಕೆ ಹೋಗುವುದು ಅದಾದ ಮೇಲೆ.
ಹದಿನಾಲ್ಕು ಸಲ ಎಣಿಸಿದೆ, ನಿದ್ದೆ ಬಂತು, ಬಿಟ್ಟೆ.

ಹೋಗುವಾಗ ಕಂಬಿ ಹಿಡಿದು, ಮೆಟ್ಟಿಲಿಗೆರಡು ಹೆಜ್ಜೆ ಇಟ್ಟು ಇಳಿದರು.
ಕೆಳಗೆ ಟ್ರಾಲಿಬಸ್ಸು ಬಂದು ನಿಂತಿತ್ತು.
ಅವರು ಓಡಲಿಲ್ಲ.
ಬಸ್ಸು ಕಾಯಿತು.

ಅರವತ್ತೊಂದೇ ಹಾಕಿದ್ದೇನೆ.
ಮತ್ತೆ, ಯಾರಿಗೂ ಹೇಳದೆ, ಒಂದು ಸಾಲು ಸೇರಿಸಿದ್ದೇನೆ:
ಕೊನೆಯ ಋತುವಿನ ಏಳನೆಯವನು ಬೆಂಚಿನಲ್ಲಿದ್ದರೆ
ನಾಲ್ಕನೆಯವನು ಚೆಂಡು ಕಳೆಯುವುದು ನೂರಕ್ಕೆರಡು ಕಡಿಮೆ.
ಪರದೆಯ ಮೇಲೆ ಅದು ಕಾಣುವುದಿಲ್ಲ.
ಆಡುವ ಮಗು, ಮುದುಕನನ್ನು ಯಾಕೆ ಇಟ್ಟುಕೊಳ್ಳಬೇಕು ಎಂದು
ಮೊದಲ ದಿನವೇ ಮಾರಿಬಿಟ್ಟೀತು.

ಬೆಳಿಗ್ಗೆ ತೌತ್ವಿದಾಸನ ಚೀಟಿ ಮೇಜಿನ ಮೇಲೆ:
ಹನ್ನೊಂದನೇ ವರ್ಷದಲ್ಲಿ ಹಳ್ಳ ಬಿದ್ದಿದೆ, ನುಣುಪು ಮಾಡು.